ಉಸಿರಾಡುವ ಗಾಳಿಗೂ ತಕ್ಕಡಿ ಉಂಟು: ವಾಯು ಮಾಪನ ವಿಧಾನಗಳು ಸಾಗಿಬಂದ ಹಾದಿ

ಕಿರಾಣಿ ಅಂಗಡಿಯ ತಕ್ಕಡಿಗೆ ಸರ್ಕಾರದ ಮುದ್ರೆ ಇರಬೇಕೆಂಬುದು ಎಲ್ಲರಿಗೂ ತಿಳಿದ ಸಂಗತಿ. ಬಟ್ಟು ಸವೆದಿದ್ದರೆ ಗ್ರಾಹಕನಿಗೆ ನಷ್ಟ. ಆದ್ದರಿಂದಲೇ ಅದನ್ನು ಕಾಲಕಾಲಕ್ಕೆ ಪರಿಶೀಲಿಸಿ ಮುದ್ರೆ ಒತ್ತುವ ವ್ಯವಸ್ಥೆ ಇದೆ. ಆದರೆ ನಗರದ ವೃತ್ತದಲ್ಲಿ ನಿಂತ ವಿದ್ಯುನ್ಮಾನ ಫಲಕವು ಇಂದಿನ ವಾಯು ಗುಣಮಟ್ಟ ಸೂಚ್ಯಂಕ ಇಷ್ಟು ಎಂದು ತೋರಿಸಿದಾಗ, ಆ ಅಂಕಿಯನ್ನು ತೂಗಿದ ತಕ್ಕಡಿ ಯಾವುದು, ಅದಕ್ಕೆ ಮುದ್ರೆ ಒತ್ತಿದವರು ಯಾರು ಎಂದು ಕೇಳುವವರು ವಿರಳ. ಆ ಅಂಕಿಯ ಮೇಲೆ ಆಸ್ತಮಾ ಇರುವ ಮಗುವನ್ನು ಆಟಕ್ಕೆ ಕಳಿಸಬೇಕೇ ಬೇಡವೇ ಎಂಬ ಮನೆಯ ನಿರ್ಧಾರವೂ ನಿಂತಿದೆ, ನಗರಕ್ಕೆ ಬರುವ ಕೋಟಿಗಟ್ಟಲೆ ಅನುದಾನವೂ ನಿಂತಿದೆ. ಹೊರಾಂಗಣದ ಗಾಳಿಯನ್ನು ಅಳೆಯುವ ವಿಧಾನಗಳು ಹೇಗೆ ರೂಪುಗೊಂಡವು, ಅವುಗಳನ್ನು ಹೇಗೆ ಪರೀಕ್ಷಿಸಲಾಗುತ್ತದೆ ಮತ್ತು ಎಲ್ಲಿ ಎಡವಲಾಯಿತು ಎಂಬುದರ ಪರಿಚಯ ಇಲ್ಲಿದೆ.

ಕಲೆಯಿಂದ ತೂಕದವರೆಗೆ

1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ ನಗರವನ್ನು ಕವಿದ ಹೊಗೆಮಂಜು ಸುಮಾರು 4,000 ಜನರ ಸಾವಿಗೆ ಕಾರಣವಾಯಿತೆಂದು ಅಂದು ಲೆಕ್ಕ ಹಾಕಲಾಗಿತ್ತು. ಸಾವಿನ ಸಂಖ್ಯೆ 12,000ದವರೆಗೂ ಇದ್ದಿರಬಹುದೆಂದು ನಂತರದ ಅಧ್ಯಯನಗಳು ಅಂದಾಜಿಸಿವೆ. ಆ ಕಾಲದ ಬ್ರಿಟನ್ನಿನಲ್ಲಿ ಹೊಗೆಯನ್ನು ಅಳೆಯುವ ರೀತಿ ಸರಳವಾಗಿತ್ತು. ಬಿಳಿಯ ಶೋಧಕ ಕಾಗದದ ಮೂಲಕ ಗಾಳಿಯನ್ನು ಎಳೆದು, ಕಾಗದದ ಮೇಲೆ ಮೂಡಿದ ಕಲೆ ಎಷ್ಟು ಕಪ್ಪಾಗಿದೆ ಎಂಬುದನ್ನು ಬೆಳಕಿನ ಪ್ರತಿಫಲನದಿಂದ ಅಳೆಯುವುದು. ಕಪ್ಪು ಹೆಚ್ಚಿದ್ದರೆ ಹೊಗೆ ಹೆಚ್ಚು.

ಕಲ್ಲಿದ್ದಲಿನ ಹೊಗೆಯೇ ಪ್ರಧಾನವಾಗಿದ್ದ ಕಾಲಕ್ಕೆ ಈ ಲೆಕ್ಕ ಸರಿಹೊಂದುತ್ತಿತ್ತು. ಒಲೆಗಳು ಬದಲಾಗಿ, ರಸ್ತೆಯಲ್ಲಿ ಡೀಸೆಲ್ ವಾಹನಗಳು ಹೆಚ್ಚಿದಾಗ ತೊಡಕು ಕಾಣಿಸಿತು. ಒಂದೇ ತೂಕದ ಡೀಸೆಲ್ ಮಸಿ ಕಲ್ಲಿದ್ದಲಿನ ಹೊಗೆಗಿಂತ ಹೆಚ್ಚು ಕಪ್ಪು. ಇನ್ನೊಂದೆಡೆ ಮಣ್ಣಿನ ಧೂಳು, ಸಲ್ಫೇಟ್ ಮುಂತಾದವು ಕಪ್ಪಾಗಿರುವುದೇ ಇಲ್ಲ. ಅಂದರೆ ಬಣ್ಣವನ್ನು ಅಳೆದು ತೂಕವನ್ನು ಹೇಳುವ ವಿಧಾನವು, ಹೊಗೆಯ ಮೂಲ ಬದಲಾದೊಡನೆ ತನ್ನ ಆಧಾರವನ್ನೇ ಕಳೆದುಕೊಂಡಿತು. ಒಂದು ಕಾಲಕ್ಕೆ, ಒಂದು ಊರಿಗೆ ಹೊಂದಿಸಿದ ಅಳತೆ ಇನ್ನೊಂದು ಕಾಲಕ್ಕೆ, ಇನ್ನೊಂದು ಊರಿಗೆ ಹೊಂದಬೇಕೆಂದಿಲ್ಲ ಎಂಬ ಈ ಪಾಠ ಇಂದಿಗೂ ಹಳತಾಗಿಲ್ಲ.

ಕಣಗಳನ್ನು ನೇರವಾಗಿ ತೂಗುವುದೇ ಇದಕ್ಕೆ ಪರಿಹಾರವೆನಿಸಿತು. ಇಂದು ಜಗತ್ತಿನಾದ್ಯಂತ ಕಣಮಾಲಿನ್ಯದ ಮೂಲ ಅಳತೆಯಾಗಿರುವುದು ಇದೇ ತೂಕದ ವಿಧಾನ. ಪಿಎಂ 2.5 ಎಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ ವ್ಯಾಸದ ಸೂಕ್ಷ್ಮ ಕಣಗಳು. ಇವುಗಳನ್ನು ಮಾತ್ರ ಒಳಬಿಡುವ ಬಾಯಿಯುಳ್ಳ ಉಪಕರಣವೊಂದು ನಿಮಿಷಕ್ಕೆ 16.67 ಲೀಟರ್, ಅಂದರೆ ಗಂಟೆಗೆ ಒಂದು ಘನ ಮೀಟರ್ ಗಾಳಿಯನ್ನು ಎಳೆದುಕೊಳ್ಳುತ್ತದೆ. ದಿನಕ್ಕೆ 24 ಘನ ಮೀಟರ್ ಗಾಳಿ ಶೋಧಕದ ಮೂಲಕ ಹಾಯುತ್ತದೆ. ಗಾಳಿಯಲ್ಲಿ ಘನ ಮೀಟರಿಗೆ 60 ಮೈಕ್ರೋಗ್ರಾಂ ಕಣವಿದ್ದರೆ ಇಡೀ ದಿನದಲ್ಲಿ ಸಂಗ್ರಹವಾಗುವುದು 1.44 ಮಿಲಿಗ್ರಾಂ ಮಾತ್ರ.

ಇಷ್ಟು ಅಲ್ಪ ತೂಕವನ್ನು ನಂಬುವಂತೆ ಹೇಳುವುದು ಸುಲಭವಲ್ಲ. ಶೋಧಕವು ತೇವವನ್ನು ಹೀರಿಕೊಂಡರೂ ತೂಕ ಏರುತ್ತದೆ. ಆದ್ದರಿಂದ ಮಾದರಿ ತೆಗೆಯುವ ಮೊದಲು ಮತ್ತು ನಂತರ, ತಾಪ ಹಾಗೂ ಆರ್ದ್ರತೆಯನ್ನು ನಿಯಂತ್ರಿಸಿದ ಕೋಣೆಯಲ್ಲಿ ಶೋಧಕವನ್ನು ಒಂದು ದಿನ ಇರಿಸಿ, ಮೈಕ್ರೋಗ್ರಾಂ ಮಟ್ಟದ ತಕ್ಕಡಿಯಲ್ಲಿ ತೂಗಬೇಕಾಗುತ್ತದೆ. ತೂಕದಲ್ಲಿ 0.1 ಮಿಲಿಗ್ರಾಂ ತಪ್ಪಿದರೆ ಫಲಿತಾಂಶದಲ್ಲಿ ಘನ ಮೀಟರಿಗೆ 4 ಮೈಕ್ರೋಗ್ರಾಂಗೂ ಮಿಗಿಲಾದ ವ್ಯತ್ಯಾಸ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಶಿಫಾರಸು ಮಾಡಿದ ವಾರ್ಷಿಕ ಮಿತಿಯೇ 5 ಮೈಕ್ರೋಗ್ರಾಂ ಎಂಬುದನ್ನು ನೆನೆದರೆ ಈ ತಪ್ಪಿನ ಗಾತ್ರ ಅರಿವಾಗುತ್ತದೆ.

ಅಧಿಕೃತ ವಿಧಾನವೇ ತಪ್ಪಿದಾಗ

ಅಳತೆಯ ವಿಧಾನವನ್ನು ಸಾಕಷ್ಟು ಪರೀಕ್ಷಿಸದೆ ಕಾನೂನಿಗೆ ಸೇರಿಸಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಅನುಭವ ಪ್ರಸಿದ್ಧ ನಿದರ್ಶನ. 1971ರ ಏಪ್ರಿಲ್ 30ರಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯು ರಾಷ್ಟ್ರೀಯ ವಾಯು ಮಾನದಂಡಗಳನ್ನು ಪ್ರಕಟಿಸಿತು. ನೈಟ್ರೋಜನ್ ಡೈಆಕ್ಸೈಡ್ ಅನಿಲಕ್ಕೆ ವಾರ್ಷಿಕ ಸರಾಸರಿ ಘನ ಮೀಟರಿಗೆ 100 ಮೈಕ್ರೋಗ್ರಾಂ ಎಂಬ ಮಿತಿಯನ್ನು ಗೊತ್ತುಪಡಿಸಿ, ಅದನ್ನು ಅಳೆಯಲು ಜೇಕಬ್ಸ್ ಮತ್ತು ಹಾಕೈಸರ್ 1958ರಲ್ಲಿ ಪ್ರಕಟಿಸಿದ್ದ ವಿಧಾನವನ್ನು ಅಧಿಕೃತಗೊಳಿಸಿತು.

ವಿಧಾನ ಇಷ್ಟೇ. ಗಾಳಿಯನ್ನು ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಗುಳ್ಳೆಗಳಾಗಿ ಹಾಯಿಸಿದರೆ ಅನಿಲವು ನೈಟ್ರೈಟ್ ಆಗಿ ದ್ರಾವಣದಲ್ಲಿ ಉಳಿಯುತ್ತದೆ. ಬಳಿಕ ರಾಸಾಯನಿಕಗಳನ್ನು ಬೆರೆಸಿ, ಮೂಡುವ ಬಣ್ಣದ ಗಾಢತೆಯಿಂದ ಪ್ರಮಾಣವನ್ನು ಕಂಡುಹಿಡಿಯಲಾಗುತ್ತದೆ. ಹಾಯ್ದ ಅನಿಲವೆಲ್ಲ ದ್ರಾವಣದಲ್ಲಿ ಸಿಕ್ಕಿಬೀಳುವುದಿಲ್ಲ. ಸಿಕ್ಕುವುದು ಶೇ. 35 ಮಾತ್ರವೆಂದೂ, ಆ ಪ್ರಮಾಣ ಎಂದಿಗೂ ಬದಲಾಗದೆಂದೂ ಭಾವಿಸಿ ಲೆಕ್ಕವನ್ನು ಸರಿಪಡಿಸಲಾಗುತ್ತಿತ್ತು.

ದೋಷವಿದ್ದದ್ದು ಈ ಭಾವನೆಯಲ್ಲಿಯೇ. ಗಾಳಿಯಲ್ಲಿ ಅನಿಲ ಕಡಿಮೆಯಿದ್ದಾಗ ದ್ರಾವಣವು ಶೇ. 35ಕ್ಕಿಂತ ಹೆಚ್ಚನ್ನು ಹಿಡಿಯುತ್ತಿತ್ತು. ಅನಿಲ ಹೆಚ್ಚಿದಾಗ ಕಡಿಮೆ ಹಿಡಿಯುತ್ತಿತ್ತು. ಪರಿಣಾಮವಾಗಿ, ಶುದ್ಧವಾದ ಊರು ಮಲಿನವೆಂದೂ, ಮಲಿನವಾದ ಊರು ಇದ್ದುದಕ್ಕಿಂತ ಶುದ್ಧವೆಂದೂ ದಾಖಲಾಗುತ್ತಿತ್ತು. ಗಾಳಿಯಲ್ಲಿರುವ ನೈಟ್ರಿಕ್ ಆಕ್ಸೈಡ್ ಎಂಬ ಇನ್ನೊಂದು ಅನಿಲವೂ ಲೆಕ್ಕದಲ್ಲಿ ಬೆರೆತು ಗೊಂದಲ ಹೆಚ್ಚಿಸುತ್ತಿತ್ತು. 1973ರ ಜೂನ್‌ನಲ್ಲಿ ಸಂಸ್ಥೆಯು ಈ ವಿಧಾನವನ್ನು ಹಿಂತೆಗೆದುಕೊಳ್ಳುವ ಪ್ರಸ್ತಾವವನ್ನು ಪ್ರಕಟಿಸಿ, ಪರ್ಯಾಯ ವಿಧಾನಗಳ ಪರೀಕ್ಷೆಗೆ ಮುಂದಾಯಿತು. 1976ರಲ್ಲಿ ಕೆಮಿಲ್ಯುಮಿನೆಸೆನ್ಸ್ ವಿಧಾನವು ಅಧಿಕೃತವಾಯಿತು.

ಅಷ್ಟರಲ್ಲಿ ಹಳೆಯ ಅಂಕಿಗಳ ಆಧಾರದ ಮೇಲೆಯೇ ಪ್ರದೇಶಗಳನ್ನು ಮಲಿನವೆಂದು ವರ್ಗೀಕರಿಸಲಾಗಿತ್ತು. ಅಲ್ಲದೆ, ಮಾನದಂಡಕ್ಕೆ ಮುಖ್ಯ ಆಧಾರವಾಗಿದ್ದ ಆರೋಗ್ಯ ಅಧ್ಯಯನವೂ ಇದೇ ವಿಧಾನವನ್ನು ನಂಬಿತ್ತು. ಟೆನೆಸಿ ರಾಜ್ಯದ ಚಟನೂಗ ನಗರದಲ್ಲಿ, ಟಿಎನ್‌ಟಿ ಸ್ಫೋಟಕ ಕಾರ್ಖಾನೆಯ ಸಮೀಪ ವಾಸಿಸುತ್ತಿದ್ದ ಶಾಲಾ ಮಕ್ಕಳ ಉಸಿರಾಟದ ತೊಂದರೆಗಳನ್ನು 1968-69ರಲ್ಲಿ ಅಧ್ಯಯನ ಮಾಡಲಾಗಿತ್ತು. ಮಕ್ಕಳ ಕಾಯಿಲೆ ನಿಜವಿರಬಹುದು; ಆದರೆ ಎಷ್ಟು ಅನಿಲಕ್ಕೆ ಎಷ್ಟು ಕಾಯಿಲೆ ಎಂಬ ಲೆಕ್ಕ ಪ್ರಶ್ನಾರ್ಹವಾಯಿತು. ತಕ್ಕಡಿ ತಪ್ಪಿದರೆ ಅಂದಿನ ವ್ಯಾಪಾರವಷ್ಟೇ ಅಲ್ಲ, ಹಿಂದಿನ ಖಾತೆಯೂ ಕೆಡುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಭಾರತಕ್ಕೆ ಬಂದ ಪರಿಷ್ಕೃತ ರೂಪ

ಕುತೂಹಲದ ಸಂಗತಿಯೆಂದರೆ, ಅದೇ ವಿಧಾನದ ಪರಿಷ್ಕೃತ ರೂಪವು ನಮ್ಮ ದೇಶದ 2009ರ ಮಾನದಂಡಗಳಲ್ಲಿ ಸ್ಥಾನ ಪಡೆದಿದೆ. ದ್ರಾವಣಕ್ಕೆ ಸೋಡಿಯಂ ಆರ್ಸೆನೈಟ್ ಬೆರೆಸಿದರೆ ಅನಿಲವನ್ನು ಹಿಡಿಯುವ ಪ್ರಮಾಣ ಸುಮಾರು ಶೇ. 82ಕ್ಕೆ ಏರಿ, ಬಹುಮಟ್ಟಿಗೆ ಸ್ಥಿರವಾಗಿರುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂತ್ರದಲ್ಲಿ ಬರುವ 0.82 ಎಂಬ ಅಂಕಿ ಇದೇ. ವಿದ್ಯುತ್ ಪಂಪು, ಗಾಜಿನ ನಳಿಕೆ ಮತ್ತು ಪ್ರಯೋಗಾಲಯ ಇದ್ದರೆ ಸಾಕಾಗುವ ಈ ವಿಧಾನವು ದುಬಾರಿ ಯಂತ್ರಗಳಿಲ್ಲದ ಊರುಗಳಿಗೂ ಮಾಪನವನ್ನು ತಲುಪಿಸಿತು. ಆದರೆ ಆರ್ಸೆನೈಟ್ ವಿಷಕಾರಿ. ಅದನ್ನು ಬಳಸುವ ಸಿಬ್ಬಂದಿಯ ಎಚ್ಚರಿಕೆಯೂ, ಬಳಸಿದ ದ್ರಾವಣದ ವಿಲೇವಾರಿಯೂ ವಿಧಾನದ ಭಾಗವೇ ಆಗಬೇಕಾಗುತ್ತದೆ.

ಸಲ್ಫರ್ ಡೈಆಕ್ಸೈಡ್ ಅಳೆಯುವ ವೆಸ್ಟ್ ಮತ್ತು ಗೇಕ್ ವಿಧಾನವು 1956ರದು. ಪಾದರಸದ ಸಂಯುಕ್ತವಿರುವ ದ್ರಾವಣದಲ್ಲಿ ಅನಿಲವನ್ನು ಹಿಡಿದು ಬಣ್ಣ ಬರಿಸಿ ಅಳೆಯುವುದು ಇದರ ಕ್ರಮ. ಹಿಡಿದಿಟ್ಟ ಅನಿಲವು ತಾಪ ಏರಿದಂತೆ ದ್ರಾವಣದಲ್ಲಿಯೇ ಕ್ಷಯಿಸುತ್ತದೆ. ಆದ್ದರಿಂದ ಮಾದರಿಗಳನ್ನು ತಂಪಾಗಿರಿಸುವುದು ಅಗತ್ಯ. ಕಲಬುರಗಿ, ರಾಯಚೂರಿನಂತಹ ಊರುಗಳ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಬಾಟಲಿಗಳನ್ನು ಮಂಜುಗಡ್ಡೆಯ ಪೆಟ್ಟಿಗೆಯಿಲ್ಲದೆ ಸಾಗಿಸಿದರೆ ಗಾಳಿ ಇದ್ದುದಕ್ಕಿಂತ ಶುದ್ಧವಾಗಿ ಕಾಣುವುದು ಖಚಿತ. ತಂಪು ದೇಶದಲ್ಲಿ ಸಣ್ಣದೆನಿಸುವ ಲೋಪ ಬಿಸಿ ನಾಡಿನಲ್ಲಿ ದೊಡ್ಡದಾಗುತ್ತದೆ.

ಯಂತ್ರಗಳ ಆಗಮನ

ಕೈಯಿಂದ ನಡೆಸುವ ಮಾಪನದ ದೊಡ್ಡ ಮಿತಿ ಕಾಲ. ರಾಷ್ಟ್ರೀಯ ವಾಯು ಗುಣಮಟ್ಟ ಮಾಪನ ಕಾರ್ಯಕ್ರಮದಡಿ ಒಂದು ಕೇಂದ್ರದಲ್ಲಿ ವಾರಕ್ಕೆ ಎರಡು ದಿನ, ವರ್ಷಕ್ಕೆ 104 ದಿನ ಮಾದರಿ ತೆಗೆಯಲಾಗುತ್ತದೆ. ಅನಿಲಗಳಿಗೆ 4 ಗಂಟೆಗೊಮ್ಮೆ, ಕಣಗಳಿಗೆ 8 ಗಂಟೆಗೊಮ್ಮೆ ಮಾದರಿ ಬದಲಿಸಬೇಕು. ಫಲಿತಾಂಶ ಕೈಸೇರುವ ವೇಳೆಗೆ ಆ ದಿನ ಕಳೆದುಹೋಗಿರುತ್ತದೆ. ಉಳಿದ 261 ದಿನಗಳ ಗಾಳಿಯ ದಾಖಲೆ ಇರುವುದೇ ಇಲ್ಲ. ಗಂಟೆಗಂಟೆಯ ಅಂಕಿ ನೀಡುವ ಸ್ವಯಂಚಾಲಿತ ಯಂತ್ರಗಳಿಗೆ ಬೇಡಿಕೆ ಬಂದದ್ದು ಈ ಕಾರಣದಿಂದ.

ಕಣಗಳಿಗೆ ಎರಡು ಬಗೆಯ ಯಂತ್ರಗಳು ಪ್ರಚಾರದಲ್ಲಿವೆ. ಬೀಟಾ ಕಿರಣದ ಯಂತ್ರದಲ್ಲಿ ಸಾಮಾನ್ಯವಾಗಿ ಕಾರ್ಬನ್-14 ಮೂಲದಿಂದ ಹೊಮ್ಮುವ ಬೀಟಾ ಕಣಗಳನ್ನು ಶೋಧಕ ಪಟ್ಟಿಯ ಮೂಲಕ ಹಾಯಿಸಲಾಗುತ್ತದೆ. ಪಟ್ಟಿಯ ಮೇಲೆ ಧೂಳು ಹೆಚ್ಚಿದಷ್ಟೂ ಆಚೆ ತಲುಪುವ ಕಿರಣ ಕುಂದುತ್ತದೆ. ಟಿಯೋಮ್ ಎಂಬ ಇನ್ನೊಂದು ಯಂತ್ರದಲ್ಲಿ ಗಾಜಿನ ನಳಿಕೆಯ ತುದಿಯ ಶೋಧಕವು ಸತತವಾಗಿ ಕಂಪಿಸುತ್ತಿರುತ್ತದೆ. ಅದರ ಮೇಲೆ ಕಣ ಕುಳಿತಂತೆ ಕಂಪನದ ವೇಗ ಇಳಿಯುತ್ತದೆ.

ಟಿಯೋಮ್ ಯಂತ್ರವು ತೇವದ ತೊಂದರೆಯನ್ನು ತಪ್ಪಿಸಲು ಗಾಳಿಯನ್ನು 50 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಿತ್ತು. ಆ ಶಾಖಕ್ಕೆ ನೀರಿನೊಡನೆ ಅಮೋನಿಯಂ ನೈಟ್ರೇಟ್‌ನಂತಹ ಆವಿಯಾಗುವ ಕಣಗಳೂ ಹಾರಿಹೋಗುತ್ತಿದ್ದವು. ಬ್ರಿಟನ್ನಿನಲ್ಲಿ ಇದನ್ನು ಸರಿದೂಗಿಸಲು ಯಂತ್ರದ ಅಂಕಿಯನ್ನು 1.3ರಿಂದ ಗುಣಿಸುವ ಪದ್ಧತಿ ಬೆಳೆಯಿತು. ಆದರೆ ಹಾರಿಹೋಗುವ ಪ್ರಮಾಣ ಊರಿನಿಂದ ಊರಿಗೆ, ಋತುವಿನಿಂದ ಋತುವಿಗೆ ಬೇರೆ. 2006ರಲ್ಲಿ ಪ್ರಕಟವಾದ ಸಮಾನತಾ ಪರೀಕ್ಷೆಯಲ್ಲಿ ಈ ಯಂತ್ರವು ಗುಣಕದ ನೆರವಿದ್ದರೂ ಉತ್ತೀರ್ಣವಾಗಲಿಲ್ಲ. ಆವಿಯಾದ ಭಾಗವನ್ನೂ ಲೆಕ್ಕ ಹಿಡಿಯುವ ಸುಧಾರಿತ ಯಂತ್ರಗಳು ಮತ್ತು ಲೆಕ್ಕಾಚಾರಗಳು ಅದರ ನಂತರ ಬಳಕೆಗೆ ಬಂದವು.

ಅನಿಲ ಯಂತ್ರಗಳೂ ದೋಷಮುಕ್ತವಲ್ಲ. ಕೆಮಿಲ್ಯುಮಿನೆಸೆನ್ಸ್ ಯಂತ್ರವು ನೈಟ್ರಿಕ್ ಆಕ್ಸೈಡನ್ನು ಓಝೋನ್ ಜೊತೆ ಬೆರೆಸಿ, ಹೊಮ್ಮುವ ಬೆಳಕನ್ನು ಅಳೆಯುತ್ತದೆ. ನೈಟ್ರೋಜನ್ ಡೈಆಕ್ಸೈಡನ್ನು ಅಳೆಯಬೇಕಾದರೆ ಅದನ್ನು ಮೊದಲು ಬಿಸಿ ಮಾಲಿಬ್ಡಿನಂ ಲೋಹದ ಮೇಲೆ ಹಾಯಿಸಿ ನೈಟ್ರಿಕ್ ಆಕ್ಸೈಡ್ ಆಗಿ ಮಾರ್ಪಡಿಸಬೇಕು. ಆ ಲೋಹವು ನೈಟ್ರಿಕ್ ಆಮ್ಲದಂತಹ ಇತರ ಸಂಯುಕ್ತಗಳನ್ನೂ ಮಾರ್ಪಡಿಸುವುದರಿಂದ, ಸಂಚಾರದಿಂದ ದೂರವಿರುವ ಕಡೆ ಅಂಕಿ ಕೊಂಚ ಹೆಚ್ಚಾಗಿ ಬರುವುದುಂಟು.

ಸಮಾನತೆಯ ಪರೀಕ್ಷೆ ಹೇಗೆ?

ಹೊಸ ಯಂತ್ರ ಬಂದಾಗ ಅದು ನಿಜ ಹೇಳುತ್ತದೆಯೇ ಎಂದು ತಿಳಿಯುವುದು ಹೇಗೆ? ಇದಕ್ಕಿರುವ ದಾರಿ ಒಂದೇ. ಅಧಿಕೃತ ಉಲ್ಲೇಖ ಉಪಕರಣದ ಪಕ್ಕದಲ್ಲಿಯೇ ಅದನ್ನು ನಿಲ್ಲಿಸಿ, ಒಂದೇ ಗಾಳಿಯನ್ನು ಎರಡಕ್ಕೂ ಕುಡಿಸಿ, ಫಲಿತಾಂಶಗಳನ್ನು ಹೋಲಿಸುವುದು. ಅಮೆರಿಕದಲ್ಲಿ ಪಿಎಂ 2.5 ಯಂತ್ರಗಳಿಗೆ ಈ ಪರೀಕ್ಷೆಯನ್ನು ಭಿನ್ನ ಹವಾಮಾನದ ಹಲವು ಸ್ಥಳಗಳಲ್ಲಿ, ಚಳಿಗಾಲ ಹಾಗೂ ಬೇಸಿಗೆಗಳೆರಡನ್ನೂ ಗಮನಿಸಿ ನಡೆಸಬೇಕು. ಎರಡೂ ಅಂಕಿಗಳನ್ನು ನಕ್ಷೆಯಲ್ಲಿ ಗುರುತಿಸಿದಾಗ ದೊರೆಯುವ ರೇಖೆಯ ಓಟವು 1ರಿಂದ ಶೇ. 10ಕ್ಕಿಂತ ಹೆಚ್ಚು ಸರಿಯಕೂಡದು. ಯುರೋಪ್ ಒಕ್ಕೂಟದ 2008ರ ನಿರ್ದೇಶನವು ಕಣಗಳ ಸ್ಥಿರ ಮಾಪನದಲ್ಲಿ ಶೇ. 25ರವರೆಗಿನ ಅನಿಶ್ಚಿತತೆಗೆ ಅವಕಾಶ ನೀಡಿತ್ತು. ಅತ್ಯುತ್ತಮ ಕೇಂದ್ರದ ಅಂಕಿಯೂ ಒಂದು ಬಿಂದುವಲ್ಲ, ಒಂದು ವ್ಯಾಪ್ತಿ ಎಂಬುದನ್ನು ಇದು ನೆನಪಿಸುತ್ತದೆ.

ಒಮ್ಮೆ ಉತ್ತೀರ್ಣವಾದರೆ ಸಾಲದು. ಮಾಲಿನ್ಯವೇ ಇಲ್ಲದ ಗಾಳಿಯನ್ನೂ, ಪ್ರಮಾಣ ಗೊತ್ತಿರುವ ಅನಿಲವನ್ನೂ ಯಂತ್ರಕ್ಕೆ ನೀಡಿ ಕಾಲಕಾಲಕ್ಕೆ ತಾಳೆ ನೋಡಬೇಕು. ಆ ಅನಿಲದ ಸಿಲಿಂಡರ್ ಕೂಡ ರಾಷ್ಟ್ರೀಯ ಮೂಲಮಾನಕ್ಕೆ ತಾಳೆಯಾಗಿರಬೇಕು. ಭಾರತದಲ್ಲಿ ಈ ಸರಪಳಿಯ ಮೊದಲ ಕೊಂಡಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಮಾಲಿನ್ಯ ಮಾಪನ ಉಪಕರಣಗಳನ್ನು ಪ್ರಮಾಣೀಕರಿಸುವ ಹೊಣೆಯನ್ನು 2019ರಲ್ಲಿ ಇದಕ್ಕೆ ವಹಿಸಲಾಯಿತು. 2021ರ ಜನವರಿಯಲ್ಲಿ ರಾಷ್ಟ್ರೀಯ ಪರಿಸರ ಮಾನಕ ಪ್ರಯೋಗಾಲಯಕ್ಕೆ ಶಂಕುಸ್ಥಾಪನೆ ನೆರವೇರಿತು. ಅಲ್ಲಿಯವರೆಗೆ ಹೊರದೇಶಗಳ ಹವೆಯಲ್ಲಿ ಪರೀಕ್ಷೆಗೊಂಡ ಪ್ರಮಾಣಪತ್ರಗಳನ್ನೇ ಹೆಚ್ಚಾಗಿ ಅವಲಂಬಿಸಲಾಗಿತ್ತು. ನಮ್ಮ ಧೂಳು, ಬಿಸಿಲು, ಮುಂಗಾರಿನ ತೇವಗಳಿಗೆ ಒಗ್ಗುವ ಪರೀಕ್ಷೆ ನಮ್ಮಲ್ಲಿಯೇ ನಡೆಯಬೇಕೆಂಬುದು ಇದರ ಹಿಂದಿನ ಆಶಯ.

ಭಾರತದ ಮಾನದಂಡ, ಕರ್ನಾಟಕದ ಕೇಂದ್ರಗಳು

2009ರ ನವೆಂಬರ್‌ನಲ್ಲಿ ಅಧಿಸೂಚಿತವಾದ ರಾಷ್ಟ್ರೀಯ ಮಾನದಂಡಗಳು 12 ಮಾಲಿನ್ಯಕಾರಕಗಳಿಗೆ ಮಿತಿಯನ್ನೂ, ಪ್ರತಿಯೊಂದಕ್ಕೂ ಒಪ್ಪಿತ ಮಾಪನ ವಿಧಾನವನ್ನೂ ಗೊತ್ತುಪಡಿಸಿವೆ. ಪಿಎಂ 2.5ಕ್ಕೆ ವಾರ್ಷಿಕ 40, ದಿನಕ್ಕೆ 60 ಮೈಕ್ರೋಗ್ರಾಂ. ಪಿಎಂ 10ಕ್ಕೆ ವಾರ್ಷಿಕ 60, ದಿನಕ್ಕೆ 100 ಮೈಕ್ರೋಗ್ರಾಂ ಮಿತಿ. 2015ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ವಾಯು ಗುಣಮಟ್ಟ ಸೂಚ್ಯಂಕವು 8 ಮಾಲಿನ್ಯಕಾರಕಗಳನ್ನು ಪರಿಗಣಿಸುತ್ತದೆ. ಕನಿಷ್ಠ 3 ಮಾಲಿನ್ಯಕಾರಕಗಳ ಅಂಕಿ ಇರಬೇಕು, ಅವುಗಳಲ್ಲಿ ಒಂದು ಪಿಎಂ 2.5 ಅಥವಾ ಪಿಎಂ 10 ಆಗಿರಬೇಕು, ಕನಿಷ್ಠ 16 ಗಂಟೆಗಳ ದತ್ತಾಂಶ ಲಭ್ಯವಿರಬೇಕು ಎಂಬುದು ನಿಯಮ. ಲೆಕ್ಕ ಹಾಕಿದ ಉಪಸೂಚ್ಯಂಕಗಳಲ್ಲಿ ಅತಿ ಹೆಚ್ಚಿನದೇ ಆ ಕೇಂದ್ರದ ಸೂಚ್ಯಂಕ.

ಬೆಂಗಳೂರಿನಲ್ಲಿ ಪೀಣ್ಯ, ಬಿಟಿಎಂ ಬಡಾವಣೆ, ಹೆಬ್ಬಾಳ, ಜಯನಗರ, ಸಿಲ್ಕ್ ಬೋರ್ಡ್ ಮುಂತಾದೆಡೆ ಸ್ವಯಂಚಾಲಿತ ಕೇಂದ್ರಗಳು ಸ್ಥಾಪನೆಗೊಂಡಿವೆ. 2019ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮದಲ್ಲಿ ರಾಜ್ಯದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿ ಸೇರಿದವು. ಬೆಂಗಳೂರಿನಂತಹ ಹತ್ತು ಲಕ್ಷಕ್ಕೂ ಮಿಗಿಲಾದ ಜನಸಂಖ್ಯೆಯ ನಗರಗಳಿಗೆ 15ನೇ ಹಣಕಾಸು ಆಯೋಗವು ನೀಡಿದ ಅನುದಾನದ ಒಂದು ಭಾಗ ಗಾಳಿಯ ಸುಧಾರಣೆಗೆ ತಳಕು ಹಾಕಿಕೊಂಡಿತು.

ಇಲ್ಲಿ ಕೇಂದ್ರದ ಸ್ಥಾನವೂ ಮುಖ್ಯವಾಗುತ್ತದೆ. ಮರಗಳ ನಡುವಿನ ಕೇಂದ್ರವೂ, ವೃತ್ತದ ಅಂಚಿನ ಕೇಂದ್ರವೂ ಒಂದೇ ನಗರದ ಎರಡು ಕತೆ ಹೇಳುತ್ತವೆ. ಹಳೆಯ ಕೇಂದ್ರಗಳು ಸಂಚಾರದ ನಡುವೆ ಇದ್ದು, ಹೊಸವು ಬಡಾವಣೆಗಳಲ್ಲಿ ಬಂದರೆ, ಗಾಳಿ ಬದಲಾಗದಿದ್ದರೂ ನಗರದ ಸರಾಸರಿ ಇಳಿಯುತ್ತದೆ. ಆದ್ದರಿಂದ ವರ್ಷದಿಂದ ವರ್ಷಕ್ಕೆ ಹೋಲಿಕೆ ಮಾಡುವಾಗ ಅದೇ ಕೇಂದ್ರ, ಅದೇ ವಿಧಾನ ಎಂಬ ಎರಡು ಷರತ್ತುಗಳನ್ನು ಮರೆಯುವಂತಿಲ್ಲ. ಬೆಂಗಳೂರಿನ ವಿಜ್ಞಾನ, ತಂತ್ರಜ್ಞಾನ ಮತ್ತು ನೀತಿ ಅಧ್ಯಯನ ಕೇಂದ್ರವು ಇತರ ಸಂಸ್ಥೆಗಳೊಡನೆ 2019-20ರಲ್ಲಿ ಮಲ್ಲೇಶ್ವರದ ರಸ್ತೆಗಳಲ್ಲಿ ಉಪಕರಣ ಹೊತ್ತ ವಾಹನವನ್ನು ಮತ್ತೆ ಮತ್ತೆ ಓಡಿಸಿ ಮಾಪನ ನಡೆಸಿದ್ದು, ಕೇಂದ್ರಗಳ ನಡುವಿನ ಈ ಅಂತರವನ್ನು ಅರಿಯುವ ಪ್ರಯತ್ನವಾಗಿತ್ತು.

ಅಗ್ಗದ ಸಂವೇದಕಗಳ ಕಾಲ

ಕೆಲವು ಸಾವಿರ ರೂಪಾಯಿಗಳಿಗೆ ದೊರೆಯುವ ಪುಟ್ಟ ಸಂವೇದಕಗಳು ಈಗ ಶಾಲೆ, ಮನೆಗಳ ಗೋಡೆಯನ್ನೂ ಏರಿವೆ. ಇವು ಕಣಗಳನ್ನು ತೂಗುವುದಿಲ್ಲ; ಲೇಸರ್ ಬೆಳಕನ್ನು ಹಾಯಿಸಿ, ಕಣಗಳು ಚದುರಿಸಿದ ಬೆಳಕಿನಿಂದ ತೂಕವನ್ನು ಊಹಿಸುತ್ತವೆ. ತೇವವನ್ನು ಹೀರಿ ಉಬ್ಬಿದ ಕಣ ಹೆಚ್ಚು ಬೆಳಕನ್ನು ಚದುರಿಸುವುದರಿಂದ ಆರ್ದ್ರ ಹವೆಯಲ್ಲಿ ಅಂಕಿ ಏರುತ್ತದೆ. ರಸ್ತೆಯ ದಪ್ಪ ಧೂಳು ಇವುಗಳ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ. ಆದ್ದರಿಂದ ಇವು ತೋರಿಸುವ ಪಿಎಂ 10 ಅಂಕಿಯನ್ನು ನಂಬುವುದು ಕಷ್ಟ. ಬ್ರಿಟನ್ನಿನ ಕಪ್ಪು ಕಲೆಯ ಕತೆಯೇ ಇಲ್ಲಿ ಬೇರೆ ರೂಪದಲ್ಲಿ ಮರಳಿದೆ.

ಹಾಗೆಂದು ಇವು ನಿಷ್ಪ್ರಯೋಜಕವಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2021ರಲ್ಲಿ ಇವುಗಳ ಪರೀಕ್ಷೆಗೆ ಮಾರ್ಗಸೂಚಿ ನೀಡಿತು. ಕನಿಷ್ಠ 3 ಸಂವೇದಕಗಳನ್ನು ಅಧಿಕೃತ ಯಂತ್ರದ ಪಕ್ಕದಲ್ಲಿ, ಎರಡು ಸ್ಥಳಗಳಲ್ಲಿ ತಲಾ ಕನಿಷ್ಠ 30 ದಿನ ಇರಿಸಿ ಹೋಲಿಸಬೇಕೆಂಬುದು ಅದರ ಸಾರ. ಭಾರತದಲ್ಲಿ ಕಾನ್ಪುರದ ಐಐಟಿಯ ಪ್ರಾಧ್ಯಾಪಕ ಸಚ್ಚಿದಾನಂದ ತ್ರಿಪಾಠಿ ಅವರು ಸಂವೇದಕ ಜಾಲಗಳ ಮೇಲೆ ನಡೆಸಿದ ಕಾರ್ಯಕ್ಕೆ 2023ರ ಇನ್ಫೋಸಿಸ್ ಪ್ರಶಸ್ತಿ ಸಂದಿದೆ. ಒಳ್ಳೆಯ ಕೇಂದ್ರಗಳು ಕೆಲವೇ ಇದ್ದು, ಅವುಗಳಿಗೆ ತಾಳೆ ಹಾಕಿದ ಸಂವೇದಕಗಳು ಹಲವು ಇದ್ದರೆ, ಹೋಬಳಿ, ಗ್ರಾಮಗಳ ಗಾಳಿಯೂ ದಾಖಲೆಗೆ ಬರಬಲ್ಲದು. ಆದರೆ ದೆಹಲಿಯಲ್ಲಿ ಮಾಡಿದ ತಾಳೆಯನ್ನು ಮಂಗಳೂರಿನ ಕಡಲ ಹವೆಗೆ ಹಾಗೆಯೇ ಅನ್ವಯಿಸುವಂತಿಲ್ಲ.

ಓದುಗರು ಕೇಳಬೇಕಾದ ಪ್ರಶ್ನೆಗಳು

ಗಾಳಿಯ ಕುರಿತ ಅಂಕಿಯೊಂದು ಕಣ್ಣಿಗೆ ಬಿದ್ದಾಗ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಯಾವ ವಿಧಾನದಿಂದ ಅಳೆದದ್ದು? ಆ ಉಪಕರಣವನ್ನು ಎಲ್ಲಿ, ಯಾವುದಕ್ಕೆ ಹೋಲಿಸಿ ಪರೀಕ್ಷಿಸಲಾಗಿದೆ? ಕೇಂದ್ರವಿರುವುದು ಎಲ್ಲಿ? ಎಷ್ಟು ಗಂಟೆಗಳ ಅಥವಾ ಎಷ್ಟು ದಿನಗಳ ಅಳತೆ ಅದು? ಉತ್ತರಗಳು ದೊರೆತರೆ ಅಂಕಿಗೆ ಬೆಲೆ; ದೊರೆಯದಿದ್ದರೆ ಅದು ಕೇವಲ ಸಂಖ್ಯೆ.

ಚಟನೂಗದ ಮಕ್ಕಳ ಅಧ್ಯಯನ ಪ್ರಶ್ನೆಗೊಳಗಾದದ್ದು ವೈದ್ಯರ ತಪ್ಪಿನಿಂದಲ್ಲ, ಗಾಜಿನ ನಳಿಕೆಯೊಂದರ ಕುರಿತು ಮಾಡಿಕೊಂಡ ಪರೀಕ್ಷಿಸದ ನಂಬಿಕೆಯಿಂದ. ಆ ತಪ್ಪನ್ನು ಬಯಲಿಗೆಳೆದದ್ದೂ ಪರೀಕ್ಷೆಯೇ. ಅಂಗಡಿಯ ತಕ್ಕಡಿಗೆ ಮುದ್ರೆ ಕೇಳುವ ನಾಗರಿಕರು ದಿನವಿಡೀ ಒಳಗೆಳೆದುಕೊಳ್ಳುವ ಗಾಳಿಯ ತಕ್ಕಡಿಗೂ ಮುದ್ರೆ ಕೇಳುವುದು ನ್ಯಾಯವೇ ಆಗಿದೆ.